ಕಾರು ಕಟ್ಟಿದವರ ಕಾಲಂನಲ್ಲಿ ಯಾರ ಹೆಸರು?

ಮಾನ್ಯ ವಾಹನ ಅನುಮೋದನೆ ಅಧಿಕಾರಿಗಳೇ,

ನೀವು ನನ್ನಿಂದ ಒಂದು ಸುಳ್ಳು ಬರೆಸಿಕೊಳ್ಳಲು ಹೊರಟಿದ್ದೀರಿ. ಅದೂ ಸಹಿ ಹಾಕಿಸಿ. ನಮ್ಮ ಮನೆಯ ಗ್ಯಾರೇಜಿನಲ್ಲಿರುವ ಎರಡು ಸೀಟಿನ ಕಾರು ರಸ್ತೆಗೆ ಇಳಿಯಬೇಕಾದರೆ, ಅರ್ಜಿಯಲ್ಲಿ ‘ವಾಹನ ತಯಾರಿಸಿದವರು’ ಎಂಬ ಕಾಲಂನಲ್ಲಿ ನಾನು ನನ್ನ ಹೆಸರು ತುಂಬಬೇಕಂತೆ. ಆ ಕಾರನ್ನು ಕಟ್ಟಿದ್ದು ನನ್ನ ಹೆಂಡತಿ ಕಮಲಾ. ಈ ಜನವರಿಯಲ್ಲಿ ಅವಳು ಕೋವಿಡ್‌ನಿಂದ ತೀರಿಕೊಂಡಳು. ತೀರಿಕೊಂಡವರು ಹಿಂದೆಂದೋ ಒಂದು ಕಾರು ಕಟ್ಟಿರಬಹುದು ಎಂಬುದಕ್ಕೆ ನಿಮ್ಮ ನಿಯಮಾವಳಿಯಲ್ಲಿ ಜಾಗವೇ ಇಲ್ಲ!

ಕಮಲಾ ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ನನಗೆ ನಿಮ್ಮ ದೇಶದ ಈ ಲೀಕ್ಸ್‌ಲಿಪ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ನನ್ನ ಜೊತೆ ಬಂದು, ಆರು ವರ್ಷ ಕಂಡಕಂಡಲ್ಲೆಲ್ಲ ಅರ್ಜಿ ಹಾಕಿದಳು. ಈ ದೇಶದ ಅನುಭವ ಇಲ್ಲ ಎಂದರು ಎಲ್ಲರೂ. ಕೊನೆಗೆ ರೋಸಿಹೋಗಿ, 2020ರ ಫೆಬ್ರವರಿಯಲ್ಲಿ ಸ್ಪೋರ್ಟ್ಸ್ ಕಾರಿನ ಕಿಟ್ ತರಿಸಿದಳು. ಒಂದು ಕಬ್ಬಿಣದ ಚೌಕಟ್ಟು, ಫೈಬರ್ ಬಾಡಿ, ಹದಿನಾಲ್ಕು ಪೆಟ್ಟಿಗೆ ಬಿಡಿಭಾಗ. ಎಂಜಿನ್ನನ್ನು ಒಂದು ಹಳೇ ಕಾರಿನಿಂದ ತಾನೇ ಬಿಚ್ಚಿ ತೆಗೆದಳು. ಮರುತಿಂಗಳೇ ಲಾಕ್‌ಡೌನ್. ಮನೆಯಿಂದ ಎರಡು ಕಿಲೋಮೀಟರ್ ದಾಟಬೇಡಿ ಎಂದು ಸರ್ಕಾರ ಹೇಳುತ್ತಿದ್ದಾಗ, ನನ್ನ ಹೆಂಡತಿ ದೇಶದ ಆ ತುದಿಯ ಕಾರ್ಕ್ ನಗರದವರೆಗೆ ಹೋಗಿಬರಲು ಕಾರು ಕಟ್ಟುತ್ತಿದ್ದಳು. ನನ್ನ ಪಾಲಿನ ಕೆಲಸ ಟಾರ್ಚ್ ಹಿಡಿಯುವುದು. ಅದನ್ನೂ ನೆಟ್ಟಗೆ ಮಾಡಲಿಲ್ಲ. “ರೀ, ನನ್ ಮುಖಕ್ಕಲ್ಲ, ನಟ್ಟಿಗೆ ಹಿಡೀರಿ. ಮುಖ ಆಮೇಲ್ ನೋಡ್ಕೋಬೋದು,” ಎಂದು ಕಾರಿನಡಿಯಿಂದ ಗದರುತ್ತಿದ್ದಳು. ಆಮೇಲೆ ಎಂಬುದು ಬರಲೇ ಇಲ್ಲ ಸ್ವಾಮಿ.

ಅಕ್ಟೋಬರ್‌ನಲ್ಲಿ ಕಾರು ಮುಗಿಯಿತು, ಸರಿಯಾಗಿ ಆಯುಧಪೂಜೆಯ ಹೊತ್ತಿಗೆ. ಸ್ಟಿಯರಿಂಗಿಗೆ ಹೂವು ಮುಡಿಸಿದೆವು, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟೆವು. ಕಮಲಾ ಗಾಡಿ ಸ್ಟಾರ್ಟ್ ಮಾಡಿ, ನಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಗ್ಯಾರೇಜಿನಿಂದ ಗೇಟಿನವರೆಗೆ ಬಂದಳು. ಇಪ್ಪತ್ತು ಅಡಿ. ನಿಮ್ಮ ಅನುಮತಿ ಇಲ್ಲದೆ ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ, ಅವಳು ಹೋಗಲೂ ಇಲ್ಲ. ಅವಳು ಆ ಕಾರು ಓಡಿಸಿದ್ದು ಅಷ್ಟೇ.

ಅಂದೇ ಮಧ್ಯಾಹ್ನ ನಿಮ್ಮ ಕಚೇರಿಗೆ ಕಳಿಸಬೇಕಾದ ಫೋಟೋ ತೆಗೆದವನು ನಾನು. ಚೌಕಟ್ಟಿನ ಮೇಲೆ ಕೊರೆದ ನಂಬರಿನದೂ ಒಂದು ಫೋಟೋ ಬೇಕಿತ್ತು. ಬೆಳಿಗ್ಗೆ ಪೂಜೆಯಲ್ಲಿ ಎಂಜಿನ್ನಿಗೆ, ಬಾಗಿಲಿಗೆ, ಆ ನಂಬರಿಗೂ ಕುಂಕುಮದ ಬೊಟ್ಟಿಟ್ಟಿದ್ದವನೂ ನಾನೇ. ಕೊನೆಯ ಅಂಕಿ ಬೊಟ್ಟಿನಡಿ ಮುಚ್ಚಿಹೋಗಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಹಬ್ಬದ ದಿನ ಗಾಡಿಯ ಮೇಲೆ ಬೊಟ್ಟು ಇರುವುದು ನಮಗೆ ಎಷ್ಟು ಸಹಜವೆಂದರೆ, ಅದು ಇದೆಯೆಂದೇ ಗೊತ್ತಾಗುವುದಿಲ್ಲ. ನಿಮಗೆ ಮಾತ್ರ ಕಂಡಿತು. ಕಂಡಿದ್ದನ್ನು ತಿಳಿಸಲು ನಿಮಗೆ ಹನ್ನೊಂದು ವಾರ ಬೇಕಾಯಿತು. ‘ನಂಬರಿನ ಮೇಲೆ ಕೆಂಪು ಕೊಳೆ ಇದೆ, ಅರ್ಜಿ ಹಿಂತಿರುಗಿಸಲಾಗಿದೆ’ ಎಂಬ ಪತ್ರ ‘ಶ್ರೀಯುತ ಕಮಲಾ’ ಅವರ ಹೆಸರಿಗೆ ಬಂತು. ಅಷ್ಟರಲ್ಲಿ ಆ ಶ್ರೀಯುತರು ಆಸ್ಪತ್ರೆಯಲ್ಲಿದ್ದರು. ಕಾಯಿಲೆಯನ್ನು ಕಾರ್ಖಾನೆಯಿಂದ ತಂದವನು ನಾನೇ ಇರಬೇಕು.

ನರ್ಸಮ್ಮ ವಿಡಿಯೋ ಕಾಲ್ ಹಚ್ಚಿಕೊಟ್ಟಾಗ ಪತ್ರ ಓದಿ ಹೇಳಿದೆ. ಮಾಸ್ಕಿನೊಳಗೇ ನಕ್ಕಳು, ಕೆಮ್ಮಿದಳು. “ಬೊಟ್ಟಿಟ್ಟಿದ್ ನೀವೇ ತಾನೆ? ಒರೆಸಿ, ಇನ್ನೊಂದ್ ಫೋಟೋ ತೆಗೀರಿ. ಪೂರ್ತಿ ಒರೆಸ್ರೀ, ಅರೆಬರೆ ಬೇಡ,” ಎಂದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು. ಮರುದಿನ ವೆಂಟಿಲೇಟರ್ ಹಾಕಿದರು, ಎರಡು ವಾರಕ್ಕೆ ಎಲ್ಲ ಮುಗಿಯಿತು. ಹತ್ತೇ ಜನರ ನಡುವೆ ಕಳಿಸಿಕೊಟ್ಟೆವು. ಊರಿನಿಂದ ನೆಂಟರು ಫೋನ್ ಮಾಡಿ, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು. ಅವಳ ಕಾರಿನ ಬೊಟ್ಟನ್ನು ಈ ಕೈಯಾರೆ ಒರೆಸಿದ್ದೆನೆಂದು ನಾನು ಯಾರಿಗೂ ಹೇಳಲಿಲ್ಲ.

ಹೊಸ ಫೋಟೋ ನಿಮಗೆ ತಲುಪಿತು. ಜೂನ್‌ನಲ್ಲಿ ಪರೀಕ್ಷೆಯ ದಿನಾಂಕ ಕೊಟ್ಟಿರಿ, ಅರ್ಜಿದಾರರು ಖುದ್ದಾಗಿ ಬರಬೇಕೆಂದಿರಿ. ವಿಷಯ ತಿಳಿಸಿದ ದಿನವೇ ಕಡತ ಮುಚ್ಚಿದಿರಿ. ಬೊಟ್ಟು ನೋಡಲು ಹನ್ನೊಂದು ವಾರ, ಸಾವು ನೋಡಲು ಒಂದೇ ದಿನ. ಎಂಥ ಪ್ರಗತಿ! ನಿಮ್ಮ ಕಚೇರಿಯಿಂದ ಫೋನಿನಲ್ಲಿ ಮಾತಾಡಿದವರು ಒಳ್ಳೆಯವರೇ, ಪಾಪ. ನಿಮ್ಮ ಹೆಸರೇ ಹಾಕಿಬಿಡಿ, ಯಾರು ಕೇಳ್ತಾರೆ, ಎಲ್ಲಾ ಸರಿಹೋಗುತ್ತೆ, ನಿಮ್ಮವರ ಮಾತಿನಲ್ಲಿ ‘ಗ್ರ್ಯಾಂಡ್’ ಆಗುತ್ತೆ ಎಂದರು. ಪೆನ್ನು ತೆಗೆದುಕೊಂಡೆ ಕೂಡ, ಸುಳ್ಳು ಹೇಳುವುದಿಲ್ಲ. ಹನ್ನೆರಡು ವರ್ಷದ ಮಗಳು ಮಾನ್ಯಾ ಹೆಗಲ ಮೇಲಿಂದ ಬಗ್ಗಿ ನೋಡಿ, ಇಲ್ಲಿನವರದೇ ರಾಗದಲ್ಲಿ, “ಬಟ್ ಯು ಡಿಡ್ ನಾಟ್ ಮೇಕ್ ಇಟ್, ಅಪ್ಪಾ. ಅಮ್ಮ ಡಿಡ್,” ಎಂದಳು. ಪೆನ್ನು ಕೆಳಗಿಟ್ಟೆ.

ಆರು ವರ್ಷ ಈ ದೇಶ ಅವಳನ್ನು ಎಂಜಿನಿಯರ್ ಎಂದು ಒಪ್ಪಲಿಲ್ಲ. ನೀವು ಪತ್ರದಲ್ಲಿ ಅವಳನ್ನು ಹೆಂಗಸೆಂದೇ ಒಪ್ಪಲಿಲ್ಲ. ಈಗ ಅವಳು ಕಟ್ಟಿದ ಒಂದೇ ಒಂದು ವಸ್ತುವನ್ನು ನನ್ನ ಹೆಸರಿಗೆ ಬರೆಸುತ್ತೀರಾ? ನಾನು ಅವಳ ಗಂಡ, ನಿಜ. ಅಷ್ಟಕ್ಕೇ ಅವಳು ಬಿಗಿದ ನಟ್ಟುಗಳೆಲ್ಲ ನನ್ನವಾಗುತ್ತವೆಯೆ?

ನಾಳಿದ್ದು ಮತ್ತೆ ಆಯುಧಪೂಜೆ. ನನ್ನ ಬೇಡಿಕೆ ಇಷ್ಟೇ: ಮುಚ್ಚಿದ ಕಡತ ತೆರೆಯಿರಿ. ಮಾಲೀಕರ ಜಾಗದಲ್ಲಿ ಬೇಕಾದರೆ ನನ್ನ ಹೆಸರು ಹಾಕಿ, ತಯಾರಿಸಿದವರ ಜಾಗದಲ್ಲಿ ಕಮಲಾ ಎಂದೇ ಬರೆಯಿರಿ. ಆಗುವುದಿಲ್ಲವಾದರೆ ಕಾರು ಗ್ಯಾರೇಜಿನಲ್ಲೇ ಇರಲಿ. ಆಗುವುದಾದರೆ ಪರೀಕ್ಷೆಗೆ ದಿನ ಕೊಡಿ, ಒಂದೊಂದು ನಟ್ಟನ್ನೂ ತಿರುಗಿಸಿ ನೋಡಿ. ಒಂದು ಸಡಿಲ ಕಂಡರೂ ತಿರಸ್ಕರಿಸಿ, ಅವಳೂ ಅದನ್ನೇ ಹೇಳುತ್ತಿದ್ದಳು. ಕಾರಿನಡಿ ಕತ್ತಲಿರುತ್ತದೆ. ಟಾರ್ಚ್ ನಾನು ಹಿಡಿಯುತ್ತೇನೆ. ಈ ಸಲ ನಟ್ಟಿಗೇ ಹಿಡಿಯುತ್ತೇನೆ, ನೋಡುತ್ತ ಮೈಮರೆಯಲು ಅಲ್ಲಿ ಮುಖವಿಲ್ಲ.

ಇಂತಿ,
ಆ ಕಾರನ್ನು ಕಟ್ಟದವನು,
ನರಸಿಂಹ
ಲೀಕ್ಸ್‌ಲಿಪ್, ಅಕ್ಟೋಬರ್ 2021