ಏಕಾದಶಿಯ ಮಾತ್ರೆ

ಹೆಬ್ಬಾಳ,
೧೨ ಆಗಸ್ಟ್ ೧೯೬೩, ಸೋಮವಾರ

ತೀರ್ಥರೂಪ ಅಪ್ಪನವರಿಗೆ,

ಶೇಷಗಿರಿಯ ನಮಸ್ಕಾರ. ಮೊದಲು ಸಾಷ್ಟಾಂಗ ಎಂದು ಬರೆದು ಆಮೇಲೆ ಹೊಡೆದುಹಾಕಿದೆ, ಮೇಲೆ ಮಸಿ ಹರಡಿರುವುದು ಅದೇ. ನಿಮ್ಮ ಮಂಡಿನೋವು ಹೇಗಿದೆ? ತಿಪಟೂರಿನಲ್ಲಿ ಒಳ್ಳೆಯ ಕೊಬ್ಬರಿ ಎಣ್ಣೆ ಸಿಗುತ್ತದಂತೆ, ಬಿಸಿ ಮಾಡಿ ತಿಕ್ಕಿಕೊಳ್ಳಬೇಕೆಂದು ಅಮ್ಮ ಹೇಳಿದ್ದಾಳೆ. ಹೋಟೆಲಿನ ಊಟ ನಿಮಗೆ ಆಗುವುದಿಲ್ಲ, ಸ್ಕೂಲಿನ ಪಕ್ಕದಲ್ಲೇ ಯಾರಾದರೂ ಮಡಿಯಿಂದ ಅಡಿಗೆ ಮಾಡುವವರನ್ನು ನೋಡಿಕೊಳ್ಳಬೇಕಂತೆ. ಇದಿಷ್ಟು ಅಮ್ಮನ ಮಾತು. ಇನ್ನು ಮುಂದಿನದೆಲ್ಲ ನನ್ನದು. ಅವಳಿಗೆ ಇದನ್ನು ತೋರಿಸಿಲ್ಲ. ನಿಮಗೆ ಕಾರ್ಡು ಬಿಟ್ಟು ಬೇರೇನೂ ಬರೆದು ನನಗೆ ಅಭ್ಯಾಸವಿಲ್ಲ, ಕಾರ್ಡಿನಲ್ಲಿ ಪರೀಕ್ಷೆಯ ಮಾರ್ಕ್ಸ್ ಬಿಟ್ಟು ಬೇರೇನೂ ಹಿಡಿಸುತ್ತಿರಲಿಲ್ಲ. ಹತ್ತನೇ ವಯಸ್ಸಿಗೆ ನನ್ನನ್ನು ಹಾಸ್ಟೆಲಿಗೆ ಸೇರಿಸಿ, ಇಂಗ್ಲಿಷ್ ಕಲಿತು ಮನುಷ್ಯನಾಗು ಎಂದಿರಿ. ಮನೆಯ ಮಾತು ಅರ್ಧ ಮರೆತೆ, ಇಂಗ್ಲಿಷ್ ಅರ್ಧ ಬಂತು. ಆ ಎರಡು ಅರ್ಧಗಳಲ್ಲಿ ಬರೆದ ಕಾಗದ ಇದು, ತಪ್ಪು ತಿದ್ದುವ ಪಂಡಿತರಾಗಿ ಓದಬೇಡಿ.

ನಿಮ್ಮ ಕಾಗದ ಶನಿವಾರ ಕೈಸೇರಿತು. ಶುಕ್ರವಾರ ದ್ವಾದಶಿಯ ಪಾರಣೆ ಮುಗಿಸಿಕೊಂಡು ರೈಲಿನಲ್ಲಿ ಬರುತ್ತೀರಿ. ಯಲಹಂಕದ ಮನೆಗೆ ಬರಲು ನಿಮಗೆ ವ್ಯವಧಾನವಿಲ್ಲ. ಆದ್ದರಿಂದ ನಾನು ಕಾಲೇಜಿಗೆ ರಜಾ ಹಾಕಿ ತಮ್ಮ ಗುಂಡಣ್ಣನನ್ನು ಯಶವಂತಪುರ ಸ್ಟೇಷನ್ನಿಗೆ ಕರೆತಂದು ಒಪ್ಪಿಸಬೇಕು. ನೀವು ಅವನನ್ನು ನದಿ ತೀರದ ಮಠಕ್ಕೆ ಕರೆದುಕೊಂಡು ಹೋಗಿ ಬಿಡುತ್ತೀರಿ. ನಲವತ್ತೆಂಟು ದಿನ ಸೇವೆ, ದಿನಕ್ಕೆ ಒಂದೇ ಊಟ, ಏಕಾದಶಿಗೆ ನೀರೂ ಇಲ್ಲ, ಇಂಗ್ಲಿಷ್ ಔಷಧಿ ಮುಟ್ಟುವಂತಿಲ್ಲ. ಅದರಿಂದಲೂ ಅವನ ಫಿಟ್ಸ್ ಗುಣವಾಗದಿದ್ದರೆ ಅಲ್ಲೇ ಇರಲಿ ಎಂದು ಕೊನೆಯಲ್ಲಿ ಸಣ್ಣಗೆ ಬರೆದಿದ್ದೀರಿ. ಬಾಕಿಯೆಲ್ಲ ದುಂಡಗೆ ಇದೆ, ಆ ಒಂದು ಸಾಲಿನ ಅಕ್ಷರ ಮಾತ್ರ ಸಣ್ಣದು. ಹದಿನಾಲ್ಕು ವರ್ಷದ ಮಗನನ್ನು ಬಿಟ್ಟುಬರುವ ವಿಷಯವನ್ನು ಹಾಗೆ ಬರೆಯಲು ನಿಮಗೆ ಸಾಧ್ಯವಾಯಿತಲ್ಲ ಎಂದು ಆ ಸಾಲನ್ನೇ ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಿಮಗೆ ಹೆದರುತ್ತೇನೆ, ಆದರೂ ಬರೆಯುತ್ತೇನೆ.

ನಿಮಗೆ ಚಾಡಿ ಹೇಳಿದವರು ಯಾರೆಂದು ಗೊತ್ತು. ನಮ್ಮ ಮನೆಯ ಯಜಮಾನರಾದ ನರಸಿಂಹಯ್ಯನವರಿಗೆ ಬಾಡಿಗೆದಾರರ ಅಡಿಗೆಮನೆಯ ಕಿಟಕಿಯೇ ಪಂಚಾಂಗ. ಪ್ರಥಮೈಕಾದಶಿಯ ದಿನ ಒಗ್ಗರಣೆಯ ವಾಸನೆ ಬಂತು, ಗುಂಡಣ್ಣ ಜಗಲಿಯಲ್ಲೇ ಕೂತು ಉಪ್ಪಿಟ್ಟು ತಿಂದ, ನಿಮ್ಮ ಮನೆಯವರು ಸತ್ಯವತಮ್ಮ ಸಾಬರ ಹೆಂಗಸಿನ ಜೊತೆ ಬಸ್ಸಿನಲ್ಲಿ ಓಡಾಡುತ್ತಾರೆ, ಇಷ್ಟನ್ನೂ ಬರೆದರಲ್ಲವೇ? ಮೂರೂ ನಿಜ. ಅಮ್ಮ ಮಾತ್ರ ಆ ದಿನವೂ ನೀರು ಮುಟ್ಟದೆ ಇದ್ದಳು, ಅದು ಅವರ ಕಿಟಕಿಗೆ ಕಾಣಿಸಲಿಲ್ಲ. ಮನೆಯಲ್ಲಿ ಆಚಾರ ಕೆಟ್ಟಿತೆಂದು ನಾಲ್ಕು ಪುಟ ಬರೆದಿರಿ. ಉಪ್ಪಿಟ್ಟು ಯಾಕೆ ಎಂದು ಒಂದು ಸಾಲು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಯಶವಂತಪುರದ ದವಾಖಾನೆಯಲ್ಲಿ ಶನಿವಾರ ಫಿಟ್ಸಿನವರ ದಿನ. ಬೆಳಿಗ್ಗೆ ಏಳಕ್ಕೆ ಚೀಟಿ ತೆಗೆದುಕೊಂಡರೆ ಡಾಕ್ಟರಮ್ಮ ಕರೆಯುವುದು ಹನ್ನೊಂದಕ್ಕೆ. ಹಿಂದುಗಡೆ ಹುಣಿಸೆಮರದ ಕೆಳಗೆ ಒಂದು ಸಿಮೆಂಟು ಬೆಂಚಿದೆ. ನೀವು ತಿಪಟೂರಿಗೆ ಹೋದ ಮೇಲೆ ಅಮ್ಮ ಒಬ್ಬಳೇ ಗುಂಡಣ್ಣನನ್ನು ಕರೆದುಕೊಂಡು ಅಲ್ಲಿ ಕೂರುತ್ತಿದ್ದಳು, ಸೆರಗು ತಲೆಯವರೆಗೆ ಎಳೆದುಕೊಂಡು, ಗುರುತಿನವರು ಯಾರೂ ನೋಡದಿರಲಿ ಎಂದು. ಪಕ್ಕದಲ್ಲಿ ಕೂರುತ್ತಿದ್ದವರು ಇಬ್ಬರು. ಕೋಗಿಲಿನ ದ್ರೌಪದಮ್ಮ, ತೋಟದವರು, ಅವರ ಮಗಳಿಗೆ ಒಂಬತ್ತು ವರ್ಷ. ಇನ್ನೊಬ್ಬರು ಯಶವಂತಪುರದ ಗೌಹರ್, ಅವರ ಮಗಳು ಮಲ್ಕಾ ಗುಂಡಣ್ಣನ ವಯಸ್ಸಿನವಳು. ಎರಡು ಶನಿವಾರ ಅಮ್ಮ ಮಾತಾಡಲಿಲ್ಲವಂತೆ. ಮೂರನೇ ಶನಿವಾರ ಗುಂಡಣ್ಣ ಬೆಂಚಿನಿಂದ ಬಿದ್ದ. ಅಮ್ಮ ಎಂದಿನಂತೆ ಸೊಂಟದ ಬೀಗದಕೈ ಗೊಂಚಲು ತೆಗೆದು ಅವನ ಮುಷ್ಟಿಗೆ ತುರುಕಲು ಹೋದರೆ ದ್ರೌಪದಮ್ಮ ಕೈ ಹಿಡಿದುಕೊಂಡರು. ಕಬ್ಬುಣ ಯಾತಕ್ಕಮ್ಮೋ, ಒಂದ್ ಮಗ್ಗುಲಿಗೆ ಒಳ್ಳುಸಿ ಮಲಗ್ಸು, ಜೊಲ್ಲು ಆಚಿಕ್ ಬರ್ಲಿ, ಇಡ್ಕಬ್ಯಾಡ, ಅದು ಬಂದಂಗೇ ಓಯ್ತದೆ, ಅಂದರು. ಹಾಗೆಯೇ ಆಯಿತು. ಎಚ್ಚರವಾದಾಗ ಗುಂಡಣ್ಣನ ಸುತ್ತ ಜನ ಸೇರಿರಲಿಲ್ಲ. ಗೌಹರ್ ಅಡ್ಡಲಾಗಿ ಬುರ್ಖಾ ಹರಡಿಕೊಂಡು ನಿಂತಿದ್ದರು. ನಮ್ಮ ಬಂಧುಬಳಗದಲ್ಲಿ ಯಾರಾದರೂ ಒಂದು ದಿನ ಹಾಗೆ ನಿಂತಿದ್ದಾರೆಯೇ ಹೇಳಿ. ನೀವು ನಿಂತಿದ್ದೀರಾ?

ಅಂದಿನಿಂದ ಶನಿವಾರವೆಂದರೆ ಅಮ್ಮನಿಗೆ ಹಬ್ಬ. ಡಾಕ್ಟರಮ್ಮನ ಹತ್ತಿರ ಐದು ನಿಮಿಷ, ಬೆಂಚಿನ ಮೇಲೆ ನಾಲ್ಕು ಗಂಟೆ. ಫಿಟ್ಸ್ ಬರುತ್ತದೆಂದು ಹುಡುಗನನ್ನು ಸ್ಕೂಲಿನವರು ಬಿಡಿಸಿದ್ದರಲ್ಲ, ಮೂವರು ಹೆಂಗಸರೂ ಒಟ್ಟಿಗೆ ಹೋಗಿ ಹೆಡ್‌ಮಾಸ್ಟರ್ ರಾಮಕೃಷ್ಣಪ್ಪನವರ ಬಾಗಿಲಲ್ಲಿ ಕೂತರಂತೆ. ಅವರು ಹೊರಗೆ ಬಂದು ನೋಡಿ, ಏನಮ್ಮಾ, ಒಬ್ಬ ಹುಡುಗನಿಗೆ ಮೂರು ಜನ ತಾಯಂದಿರಾ, ಅಂದರಂತೆ. ಊ ಸ್ವಾಮಿ, ಬ್ಯಾಡ ಅಂದ್ರೆ ನಾಳೀಕ್ ಆರ್ ಜನ ಆಯ್ತೀವಿ, ಅಂದರು ದ್ರೌಪದಮ್ಮ. ಹೆಡ್‌ಮಾಸ್ಟರು ನಕ್ಕುಬಿಟ್ಟರು. ಗುಂಡಣ್ಣ ಈಗ ಎಂಟನೇ ಕ್ಲಾಸಿನಲ್ಲಿ ಗೋಡೆಯ ಪಕ್ಕ ಕೂರುತ್ತಾನೆ, ಬಿದ್ದರೆ ಏನು ಮಾಡಬೇಕೆಂದು ಪಕ್ಕದ ಇಬ್ಬರು ಹುಡುಗರಿಗೆ ಅಮ್ಮ ತಾನೇ ಹೋಗಿ ತೋರಿಸಿ ಬಂದಿದ್ದಾಳೆ. ಶುಕ್ರವಾರ ನೀವು ಅವನನ್ನು ಕರೆದುಕೊಂಡು ಹೋದರೆ ಆ ಜಾಗ ಹೋಯಿತು. ಇನ್ನೊಂದು ಸಲ ಕೊಡುವುದಿಲ್ಲ.

ಈಗ ಉಪ್ಪಿಟ್ಟಿನ ವಿಷಯ. ಕಳೆದ ಮೇ ತಿಂಗಳಲ್ಲಿ ಒಂದು ಶನಿವಾರ ದ್ರೌಪದಮ್ಮ ಹೇಳಿದರಂತೆ, ನಮ್ಮುಡ್ಗೀಗೆ ಯಾವಾಗ್ ಬತ್ತದೋ ಯೋಳಾಕಾಗಾಕಿಲ್ಲ, ನಿಮ್ಮುಡ್ಗಂಗೆ ಮಾತ್ರ ಸಂತೆ ಬಂದಂಗೆ ಹದಿನೈದ್ ದಿನಕ್ಕೊಂದ್ ಕಿತ ಬತ್ತದಲ್ಲಮ್ಮ. ಅಮ್ಮ ಬೆರಳು ಮಡಿಸಿದಳು. ದ್ವಾದಶಿ, ದ್ವಾದಶಿ, ತಪ್ಪಿದರೆ ತ್ರಯೋದಶಿ. ಗುಂಡಣ್ಣ ಒಲೆಯ ಮೇಲೆ ಬಿದ್ದು ಎಡಗೈ ಸುಟ್ಟುಕೊಂಡದ್ದೂ ದ್ವಾದಶಿಯೇ. ಆಗ ಗೌಹರ್ ಕೇಳಿದರು, ರೋಜಾ ತಿಂಗ್ಳಲ್ಲಿ ನಮ್ ಮಲ್ಕಾ ಹಟ ಮಾಡಿ ಉಪಾಸ ಹಿಡಿದ್ಳು, ನಾನ್ ಹೆದ್ರಿ ಡಾಕ್ಟರಮ್ಮನ್ನ ಕೇಳ್ದೆ, ಅವ್ರು ಗೋಲಿ ಟೈಮೇ ಬದ್ಲಾಯಿಸಿ ಕೊಟ್ರು, ನಿಮ್ದು ಉಪಾಸ ದಿನ ಗೋಲಿ ಯಾವಾಗ ಕೊಡ್ತೀರಿ ಅಮ್ಮಾ? ಅಮ್ಮ, ಕೊಡೋದಿಲ್ಲವಲ್ಲ, ಅಂದಳು. ಮಾತ್ರೆ ಊಟದ ಮೇಲೆ ಕೊಡಬೇಕು, ಏಕಾದಶಿಗೆ ಊಟವಿಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ಎರಡು ವರ್ಷ ಹೀಗೆ ನಡೆದಿದೆ. ಡಾಕ್ಟರಮ್ಮ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಈ ಮಾತ್ರೆಯನ್ನು ಒಂದು ದಿನ ನಿಲ್ಲಿಸಿದರೆ ಮಾರನೇ ದಿನ ಫಿಟ್ಸ್ ಬಂದೇ ಬರುತ್ತದೆ, ಹೊಟ್ಟೆ ಖಾಲಿಯಿದ್ದರಂತೂ ಇನ್ನೂ ಜೋರು, ಅಂದರು. ಅಂದರೆ ಅಪ್ಪ, ನೀವು ಮುಂಜಿ ಮಾಡಿ ಹಿಡಿಸಿದ ವ್ರತದಿಂದ ಫಿಟ್ಸ್ ಬರುತ್ತಿತ್ತು, ಫಿಟ್ಸ್ ಬಂತೆಂದು ನೀವು ವ್ರತವನ್ನು ಇನ್ನೂ ಬಿಗಿ ಮಾಡುತ್ತಿದ್ದಿರಿ. ಶನಿ ಅಂದಿರಿ, ಕುಜ ಅಂದಿರಿ, ಕಡೆಗೆ ನಿನ್ನ ತೌರಿನ ರಕ್ತ ಎಂದು ಅಮ್ಮನಿಗೆ ಹೇಳಿ ವರ್ಗ ಮಾಡಿಸಿಕೊಂಡು ಹೊರಟಿರಿ. ಆ ಮಾತು ಆಡಿದಾಗ ನಾನು ಅಡಿಗೆಮನೆಯಲ್ಲೇ ಇದ್ದೆ. ಅಮ್ಮ ಹುಳಿ ಬಡಿಸುತ್ತಿದ್ದಳು, ಬಡಿಸುವುದನ್ನು ನಿಲ್ಲಿಸಲಿಲ್ಲ.

ಅಲ್ಲಿಂದೀಚೆಗೆ ಐದು ಏಕಾದಶಿ ಆಗಿವೆ. ಐದಕ್ಕೂ ಗುಂಡಣ್ಣ ಬೆಳಿಗ್ಗೆ ಉಪ್ಪಿಟ್ಟು ತಿಂದು ಮಾತ್ರೆ ನುಂಗಿದ್ದಾನೆ, ಐದು ದ್ವಾದಶಿಯೂ ನೆಟ್ಟಗೆ ನಿಂತಿದ್ದಾನೆ. ಅವನ ಜಾತಕದ ಗ್ರಹಗಳು ಅಲ್ಲೇ ಇವೆ, ಒಂದೂ ಮನೆ ಬದಲಾಯಿಸಿಲ್ಲ. ದನದ ಡಾಕ್ಟರಾಗಲು ಹೊರಟವನ ಮಾತು ನಿಮಗೆ ರುಚಿಸುವುದಿಲ್ಲ, ಗೊತ್ತು. ಆದರೆ ಇಲ್ಲಿ ನಮ್ಮ ಸೀನಿಯರ್ ಒಬ್ಬರು ಹೇಳಿದರು, ನಾಯಿಗೂ ಇದೇ ಕಾಯಿಲೆ ಬರುತ್ತದೆ, ಅದಕ್ಕೂ ಇದೇ ಮಾತ್ರೆ. ಯಾರೂ ನಾಯಿಯ ಜಾತಕ ಬರೆಸುವುದಿಲ್ಲ, ಅದನ್ನು ಮಠಕ್ಕೆ ಬಿಟ್ಟು ಬರುವುದೂ ಇಲ್ಲ.

ಹೋದ ಶನಿವಾರ, ಅಂದರೆ ನಿಮ್ಮ ಕಾಗದ ಬಂದ ದಿನವೇ, ನಾನೂ ದವಾಖಾನೆಗೆ ಹೋಗಿದ್ದೆ. ಆ ಬೆಂಚಿಗೆ ಈಗ ಒಬ್ಬ ಗಂಡಸೂ ಬರುತ್ತಾರೆ, ದ್ರೌಪದಮ್ಮನ ಯಜಮಾನರು ಮುನಿಯಣ್ಣ. ತೋಟದ ಕೆಲಸ ಬಿಟ್ಟು ಬಂದು ಹೆಂಗಸರ ಮಧ್ಯೆ ಸುಮ್ಮನೆ ಕೂರುತ್ತಾರೆ, ಸೀಬೆಹಣ್ಣು ತಂದು ಎಲ್ಲ ಮಕ್ಕಳಿಗೂ ಹಂಚುತ್ತಾರೆ. ಮಗಳು ಬಿದ್ದರೆ ಟವೆಲ್ ಮಡಿಸಿ ಅವಳ ತಲೆಯ ಕೆಳಗಿಡುವುದು ಅವರ ಕೆಲಸ. ನನ್ನನ್ನು ಕೇಳಿದರು, ನಿಮ್ಮಪ್ಪಾರು ಎಲ್ಲವ್ರೆ ಬುದ್ಧಿ? ತಿಪಟೂರಿಗೆ ಟ್ರಾನ್ಸ್‌ಫರ್ ಆಗಿದೆ ಅಂದೆ. ಅವರು, ಅಲ್ಲಿ ಸನಿವಾರ ಬರಾಕಿಲ್ವಾ, ಅಂದರು. ಕುಚೋದ್ಯಕ್ಕೆ ಕೇಳಲಿಲ್ಲ. ನಿಜವಾಗಿಯೇ ಕೇಳಿದರು. ಉತ್ತರವನ್ನು ನೀವೇ ಬಂದು ಅವರಿಗೆ ಹೇಳಿ, ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ.

ಅಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ, ಸಣ್ಣ ಅಕ್ಷರದ ಸಾಲು ಬಿಟ್ಟು. ಅವಳು ಅಳಲಿಲ್ಲ. ಪೆಟ್ಟಿಗೆ ತೆಗೆದು ಗುಂಡಣ್ಣನ ಎರಡು ಜೊತೆ ಬಟ್ಟೆ ಮಡಿಸಿಟ್ಟಳು, ನೀವು ಹೇಳಿದ ಮೇಲೆ ಆಯಿತು ಎಂದು. ಆಮೇಲೆ ಮಾತ್ರೆಯ ಸೀಸೆಯನ್ನು ಶರಟಿನೊಳಗೆ ಸುತ್ತಿ ಅಡಿಯಲ್ಲಿ ಬಚ್ಚಿಟ್ಟಳು, ಏಕಾದಶಿ ದಿನ ಯಾರಿಗೂ ಕಾಣದ ಹಾಗೆ ನುಂಗಪ್ಪಾ, ಎಂದು ಅವನಿಗೆ ಹೇಳಿಕೊಟ್ಟಳು. ಇಪ್ಪತ್ತು ವರ್ಷ ನಿಮ್ಮ ಜೊತೆ ಬಾಳಿದವಳು ನಿಮಗೆ ಎದುರು ಹೇಳಲಾರದೆ ಮಗನಿಗೆ ಕಳ್ಳತನ ಕಲಿಸುತ್ತಿದ್ದಾಳೆ. ನಾನು ಆ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ವಾಪಸ್ಸು ಹಗ್ಗಕ್ಕೆ ಹಾಕಿ ಹಾಸ್ಟೆಲಿಗೆ ಬಂದೆ.

ಗುಂಡಣ್ಣ ನಿಮಗೆ ನಮಸ್ಕಾರ ತಿಳಿಸಿದ್ದಾನೆ. ತಿಪಟೂರಿನಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಲು ಹೇಳಿದ್ದಾನೆ. ನಿಮ್ಮ ಮೇಲೆ ಅವನಿಗೆ ಕೋಪವಿಲ್ಲ. ಅದು ನನಗೆ ಅರ್ಥವಾಗುವುದಿಲ್ಲ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ಇಂತು ನಿಮ್ಮ ಮಗನೇ ಆದ,
ಶೇಷಗಿರಿ

ವಿ.ಸೂ.: ಟಪಾಲು ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲೆ ಬರೆದದ್ದರಲ್ಲಿ ಒಂದನ್ನು ಮುಚ್ಚಿದ್ದೇನೆ. ಡಾಕ್ಟರಮ್ಮ ಕೊಟ್ಟ ಮೊದಲ ಚೀಟಿ ಇಂಗ್ಲಿಷಿನಲ್ಲಿತ್ತು, ದಸರಾ ರಜಕ್ಕೆ ಬಂದಿದ್ದ ನಾನೇ ಅದನ್ನು ಓದಿದವನು. ನಾಳೆ ಏಕಾದಶಿ, ಏನು ಮಾಡೋಣ, ಒಂದು ಸಲ ಕೇಳಿಕೊಂಡು ಬರಲೇ ಎಂದು ಅಮ್ಮ ನನ್ನನ್ನು ಕೇಳಿದ್ದಳು. ಕೇಳೋದೇನಿದೆ, ಊಟ ಇಲ್ಲದಿದ್ದರೆ ಕೊಡಕೂಡದು, ಬರೆದಿದೆ ನೋಡು, ಎಂದು ದೊಡ್ಡದಾಗಿ ಹೇಳಿದೆ. ಊಟದ ಮೇಲೆ ಎಂದು ಮಾತ್ರ ಇತ್ತು, ಕೊಡಕೂಡದು ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅವಳು ನನ್ನ ಮಾತನ್ನು ನಂಬಿ ಎರಡು ವರ್ಷ ನಡೆಸಿದಳು. ಗೌಹರ್ ಮುಂದೆಯೂ ಡಾಕ್ಟರಮ್ಮನ ಮುಂದೆಯೂ, ನನಗೇ ತಿಳಿಯಲಿಲ್ಲ ಎಂದಳೇ ಹೊರತು ನನ್ನ ಹೆಸರು ಎತ್ತಲಿಲ್ಲ. ಶುಕ್ರವಾರ ಯಶವಂತಪುರಕ್ಕೆ ಗುಂಡಣ್ಣ ಬರುವುದಿಲ್ಲ, ಅವನಿಗೆ ಸ್ಕೂಲಿದೆ. ನಾನು ಬರುತ್ತೇನೆ. ಒಬ್ಬ ಮಗನನ್ನು ಮಠಕ್ಕೆ ಒಪ್ಪಿಸಲೇಬೇಕೆಂದಿದ್ದರೆ ನನ್ನನ್ನು ಕರೆದುಕೊಂಡು ಹೋಗಿ. ಗಾಡಿ ಎಷ್ಟು ಹೊತ್ತಿಗೆಂದು ನೀವು ಬರೆದಿಲ್ಲ, ಬೆಳಗಿನಿಂದಲೇ ಪ್ಲಾಟ್‌ಫಾರಂ ಮೇಲೆ ಇರುತ್ತೇನೆ.