ಡೆಂಗಿಯ ಕಾರಣ ಕೇಳಿದ ತಂಗಿಗೆ

ಗೋಪನಕೊಪ್ಪ, ಹುಬ್ಬಳ್ಳಿ
14 ಜುಲೈ 2025

ಪ್ರೀತಿಯ ತಂಗಿ ಸಂಘಮಿತ್ರಾ,

ಜೈಭೀಮ್. ಎರಡು ತಿಂಗಳಾದರೂ ನಿನ್ನ ಪತ್ರಕ್ಕೆ ಉತ್ತರ ಬರೆಯಲಿಲ್ಲ, ಬೈದುಕೊಂಡಿರುತ್ತೀ. ನೀನು ಕೇಳಿದ್ದು ಒಂದೇ ಮಾತು: ಮಲೇರಿಯಾ ವಿಭಾಗದಲ್ಲಿ ಕೆಲಸ ಮಾಡುವವನ ಮನೆಯಲ್ಲೇ ಅವ್ವ ಡೆಂಗಿಯಿಂದ ಸತ್ತದ್ದು ಹೇಗೆ? ಹೋದ ವರ್ಷದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ಈಗ ಮೇಲಿನವರು ಇಪ್ಪತ್ತು ವರ್ಷದ ಜ್ವರದ, ಸೊಳ್ಳೆಮರಿಯ ಅಂಕಿಗಳನ್ನು ಜೋಡಿಸಿ ಕಾರಣ ಬರೆದುಕೊಡು ಎಂದಿದ್ದಾರೆ. ಮಲೇರಿಯಾ ಇಳಿದಿದೆ, ಡೆಂಗಿ ಏರಿದೆ, ಅಲ್ಲಿಯವರೆಗೆ ಸರಿ. ಯಾಕೆ ಅಂದರೆ ತಲೆ ಗಿರ್ರೆನ್ನುತ್ತದೆ. ಮಳೆ ಹೆಚ್ಚಾದ ವರ್ಷ ಏರಿದೆ ಎಂದು ಬರೆದೆ. ನೋಡಿದರೆ ಮಳೆ ಕೈಕೊಟ್ಟ ವರ್ಷವೂ ಏರಿದೆ, ನಳದ ನೀರು ತಡವಾದಷ್ಟೂ ಜನ ಬ್ಯಾರಲ್ ತುಂಬಿಡುತ್ತಾರಲ್ಲ. ನಮ್ಮ ಡಾಕ್ಟರು, "ರೋಗ ಹೆಚ್ಚಾಗೈತೋ, ರಕ್ತ ಪರೀಕ್ಷಾ ಹೆಚ್ಚಾಗೈತೋ, ಅದನ್ನ ಮೊದಲ ಹೇಳ್ರಿ" ಎಂದರು. ಹೊಗೆ ಯಂತ್ರ ಹೊರುವ ಉಡಚಪ್ಪ ನಕ್ಕ: "ಮೊದಲ ಸೊಳ್ಳಿ ಬಾವ್ಯಾಗ ಇತ್ತರಿ. ಈಗ ಅದಕ್ಕೂ ಮನ್ಯಾಗಿನ ಛಲೋ ನೀರ ಬೇಕಾಗೈತಿ." ಎಲ್ಲರದೂ ಖರೇ ಅನಿಸುತ್ತದೆ. ಹಾಗಾದರೆ ಅವ್ವನ ಪಾಲಿಗೆ ಬಂದ ಕಾರಣ ಯಾವುದು? ಬರೆಯುತ್ತೇನೆ, ಹರಿದು ಹಾಕುತ್ತೇನೆ. ನಿನ್ನ ಅತ್ತಿಗೆ ದುರ್ಗಾ, "ಊಟಾನರ ಮಾಡ್ರಿ" ಎಂದು ಎರಡು ಸಲ ಕರೆದಳು.

ನಿನ್ನ ಮೇಲೆ ಸಿಟ್ಟೂ ಬಂದಿತ್ತು. ದೂರ ಕೂತು ಕೇಳುವುದಕ್ಕೇನು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ತಪ್ಪು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಕ್ಕಳ ಕಡೆ ಲಕ್ಷ್ಯ ಇರಲಿ. ಜ್ವರ ಬಂದರೆ ಒಂದು ದಿನವೂ ಕಾಯಬೇಡ. ನಿಮ್ಮ ಮನೆಯವರೆಲ್ಲ ತಣ್ಣಗಿರಲಿ.

ನಿನ್ನ ಅಣ್ಣ,
ರಾಜರತ್ನ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಮನೆಮನೆಯ ಬ್ಯಾರಲ್ ನೋಡಿ, ಸೊಳ್ಳೆಯ ಹುಳ ಇದ್ದರೆ ನೀರು ಚೆಲ್ಲಿಸಿ, ಆ ಮನೆಯ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ, ನಿನಗೆ ಗೊತ್ತು. ಅವ್ವ ಜ್ವರದಿಂದ ಹಾಸಿಗೆ ಹಿಡಿಯುವ ಹದಿನೈದು ದಿನ ಮೊದಲು ನಮ್ಮ ಬ್ಯಾರಲ್ಲಿನಲ್ಲೂ ಸೊಳ್ಳೆಮರಿ ಕಂಡೆ. ಬಗ್ಗಿಸಲು ಹೋದೆ. ಅವ್ವ ಕೈ ಅಡ್ಡ ಹಿಡಿದಳು: "ಎಂಟ ದಿನ ಆದಮ್ಯಾಲ ಬಂದ ನೀರೋ ಮಗನ, ಚೆಲ್ಲಬ್ಯಾಡ. ಮಂದಿ ಮನ್ಯಾಗಿಂದು ಚೆಲ್ಲೀದಿ, ಸಾಕು." ಬಿಟ್ಟೆ. ನಮ್ಮ ಮನೆಯ ಕಾರ್ಡಿನಲ್ಲಿ ಹುಳ ಇಲ್ಲವೆಂದು ಸೊನ್ನೆ ಬರೆದು ಸಹಿ ಹಾಕಿದೆ. ಆ ಸೊನ್ನೆಯೂ ಈಗ ನನ್ನ ಮುಂದಿರುವ ಅಂಕಿಗಳಲ್ಲಿ ಸೇರಿದೆ. ತಿದ್ದಲೋ ಬೇಡವೋ, ನೀನೇ ಹೇಳು.