ಗಾಳೆಪ್ಪನ ಲಾರಿಯ ಆಯಿಲ್ ಮೀಟರ್

ಲೇ ಗಾಳೆಪ್ಪ,

ನೀ ಸತ್ತು ನಾಕು ವರ್ಷ ಆತು, ಆದ್ರೂ ಇದನ್ನ ನಿನಗೇ ಹೇಳಬೇಕು.

ಇವತ್ತು ಹಡಗಲಿ ಕಡಿಯಿಂದ ಒಂದು ಲಾರಿ ಗ್ಯಾರೇಜಿಗೆ ಬಂದಿತ್ತು. ಎಂಜಿನ್ ಕಾದ ಮ್ಯಾಲೆ ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಬೀಳ್ತಿತ್ತು. "ಮೀಟರ್ ಕೆಟ್ಟೈತ್ರಿ, ಬಿಚ್ಚಿ ಕಳಸ್ರಿ" ಅಂದ ಡ್ರೈವರ್. ಬಾಯಿ ಮುಚ್ಚಲೇ ಅಂದೆ. ಅವತ್ತು ನಿನ್ನ ಲಾರಿ ಮುಳ್ಳು ಹಿಂಗೇ ಬಿದ್ದಾಗ ನಾನೂ ಅದನ್ನೇ ಮಾಡಿದ್ದೆ. ಮೀಟರ್ ಸುಳ್ಳು ಅಂತ ಬಿಚ್ಚಿಟ್ಟುಕೊಂಡು ಕಳಿಸಿದೆ. ಗುಡೇಕೋಟಿ ಏರಿನಾಗ ಎಂಜಿನ್ ಜಾಮ್ ಆಗಿ ಲಾರಿ ಹಿಂದಕ್ಕ ಉರುಳಿತು.

ಇವತ್ತು ಈ ಲಾರಿ ಮೀಟರ್ ತಾಳೆ ನೋಡಾಕ ಬ್ಯಾರೆ ಮೀಟರ್ ಇರಲಿಲ್ಲ. ಡಬ್ಬಿಯೊಳಗಿದ್ದ ನಿಂದನ್ನೇ ಹಚ್ಚಿದೆ. ಅದರ ಮುಳ್ಳೂ ಅಲ್ಲಿಗೇ ಬಿತ್ತು. ಎಂಜಿನ್ ತಳದ ಆಯಿಲ್ ಚೇಂಬರ್ ಬಿಚ್ಚಿದ್ರ ಬೇರಿಂಗ್ ಪೂರಾ ಸವದಿದ್ವು, ಪ್ರೆಶರ್ ಖರೇನೇ ಬೀಳ್ತಿತ್ತು. ನಿನ್ನ ಮೀಟರ್ ಸರಿನೇ ಐತಲೇ.

ಬ್ರೇಕ್ ಹೋಗಿತ್ತು ಅಂತ ನಿನ್ನ ಹೆಂಡ್ತಿ ಹೊನ್ನೂರಮ್ಮ ಇನ್ನೂ ಎಲ್ಲಾರಿಗೂ ಹೇಳ್ತಾಳ. ಆಕಿಗೆ ಹಂಗಂತ ಹೇಳಿದಾವ ನಾನೇ.